ಟಿಕ್ಕಣ್ಣನು ತನಗೇ ಹಾಕಿಕೊಂಡ ಬೀಗ

ಬೀಗದ ಕಾರ್ಖಾನೆಯ ಟಿಕ್ಕಣ್ಣನ ಕಥೆಯನ್ನು ನಾನು ಮೂವರ ಬಾಯಿಂದ ಕೇಳಿದ್ದೇನೆ. ಕಾರ್ಖಾನೆಯ ಎದುರಿನ ಕ್ಷೌರಿಕನು ಹೇಳುವಾಗ ಅದು ನಗೆಯ ಕಥೆ. ಕೇಳುವವನ ಕೆನ್ನೆಯ ಮೇಲೆ ಕತ್ತಿ ಇರುವುದರಿಂದ ನಗುವಂತಿಲ್ಲ, ಅಷ್ಟೆ. ಗೇಟಿನ ಕಾವಲುಗಾರನು ಹೇಳುವಾಗ ಅದು ನ್ಯಾಯದ ಕಥೆ. ಟಿಕ್ಕಣ್ಣನ ಗೆಳೆಯ ಅರದಯ್ಯನು ಹೇಳುವಾಗ ಅದು ಯಾವ ಕಥೆಯೂ ಅಲ್ಲ. ಅರ್ಧಕ್ಕೆ ನಿಲ್ಲಿಸಿ ಮೂಗೊರೆಸಿಕೊಳ್ಳುತ್ತಾನೆ. ಮೂರು ಪಾಠಗಳೂ ಒಪ್ಪುವಷ್ಟನ್ನು ಇಲ್ಲಿ ಕೊಡುತ್ತೇನೆ. ಒಪ್ಪದ ಕಡೆ ಒಪ್ಪುವುದಿಲ್ಲವೆಂದು ಹೇಳುತ್ತೇನೆ.

ಆ ಕಾರ್ಖಾನೆಯಲ್ಲಿ ಕೆಲಸ ಬಿಡುವುದಕ್ಕೆ ಇಂತಿಷ್ಟೇ ವಯಸ್ಸೆಂಬ ಕಟ್ಟಳೆಯಿರಲಿಲ್ಲ. ಕೈಕಾಲು ಆಡುವವರೆಗೆ ದುಡಿ, ಸಾಕೆನಿಸಿದ ದಿನ ಹೇಳು ಎಂಬುದು ಸ್ಥಾಪಕರ ಕಾಲದ ಪದ್ಧತಿ. ಸಾಕೆಂದವನಿಗೆ ಅವನ ವಿಭಾಗದವರು ಒಂದು ಹೊಸ ಬೀಗ ಮಾಡಿಕೊಡುತ್ತಿದ್ದರು. ಅವನು ಅದನ್ನು ಎಲ್ಲರೆದುರು ಗೇಟಿನ ಪಕ್ಕದ ಕಬ್ಬಿಣದ ಕಂಬಿಗೆ ಸಿಕ್ಕಿಸಿ ಕೈಯಾರೆ ಒತ್ತಬೇಕು. ಕೊಂಡಿ ಕಚ್ಚಿ ‘ಟಿಕ್’ ಎಂದೊಡನೆ ನಿವೃತ್ತಿ. ಬೀಗದ ಕೈಯನ್ನು ಅಲ್ಲಿಂದಲೇ ಒಯ್ದು ಕುಲುಮೆಗೆ ಎಸೆಯುತ್ತಿದ್ದರು. ಅರ್ಜಿಯಿಲ್ಲ, ರುಜುವಿಲ್ಲ. ಕಂಬಿಯ ಮೇಲೆ ಯಾರ ಕೈ ಬೀಗವನ್ನು ಒತ್ತಿತೋ ಅವನು ಕೆಲಸ ಬಿಟ್ಟಂತೆ. ಕಾಗದ ಸುಳ್ಳು ಹೇಳಬಹುದು, ಬೀಗ ಹೇಳುವುದಿಲ್ಲ ಎಂದು ಸ್ಥಾಪಕರು ನಂಬಿದ್ದರಂತೆ. ಅವರು ಕಾಗದದ ಕಾರ್ಖಾನೆ ಇಟ್ಟಿದ್ದರೆ ಏನು ನಂಬುತ್ತಿದ್ದರೋ ತಿಳಿಯದು.

ಪದ್ಧತಿ ಇಷ್ಟು ಸುಲಭವಾಗಿದ್ದರೂ ಕಂಬಿಯ ಮೇಲೆ ಬೀಗಗಳು ವಿರಳ. ಕಾರಣ, ಆರೋಗ್ಯವಿಮೆ. ಕೆಲಸದಲ್ಲಿರುವವರೆಗೆ ಕೆಲಸಗಾರನ ಮತ್ತು ಅವನ ಹೆಂಡತಿಯ ಆಸ್ಪತ್ರೆಯ ಖರ್ಚು ಕಾರ್ಖಾನೆಯ ವಿಮೆಗೆ ಸೇರಿದ್ದು. ‘ಟಿಕ್’ ಎಂದ ಮರುಗಳಿಗೆಯಿಂದ ಅವರವರ ಕಾಯಿಲೆ ಅವರವರದು. ಆದುದರಿಂದ ಅಲ್ಲಿನ ಮುದುಕರು ಒಬ್ಬೊಬ್ಬರೂ ಒಂದೊಂದು ಅಂಗಕ್ಕಾಗಿ ದುಡಿಯುತ್ತಿದ್ದರು. ಎರಕದ ಮನೆಯವನು ತನ್ನ ಮೂತ್ರಪಿಂಡಕ್ಕಾಗಿ, ಮೆರುಗು ಕೊಡುವವನು ಹೆಂಡತಿಯ ಮಂಡಿಗಾಗಿ, ಲಾರಿಗೆ ಪೆಟ್ಟಿಗೆ ಹೇರುವವನು ತನ್ನ ಬೆನ್ನಿಗಾಗಿ. ಆ ಬೆನ್ನು ಕೆಟ್ಟಿದ್ದು ಪೆಟ್ಟಿಗೆ ಹೇರಿಯೇ. “ಇನ್ನೂ ಯಾಕಯ್ಯಾ ದುಡೀತೀಯ?” ಎಂದು ಯಾರಾದರೂ ಕೇಳಿದರೆ “ಪಿತ್ತಕೋಶ” ಎಂಬ ಒಂದೇ ಮಾತಿನ ಉತ್ತರ ಬರುತ್ತಿತ್ತು, ಕೇಳಿದವನು ತಲೆಯಾಡಿಸಿ ಮುಂದೆ ಹೋಗುತ್ತಿದ್ದ.

ಟಿಕ್ಕಣ್ಣನು ದುಡಿಯುತ್ತಿದ್ದದ್ದು ಹೆಂಡತಿಯ ಎದೆಯ ಕವಾಟಕ್ಕಾಗಿ. ಅದು ಸರಿಯಾಗಿ ತೆರೆಯುತ್ತಿಲ್ಲ, ಮುಂದಿನ ತಿಂಗಳು ಶಸ್ತ್ರಚಿಕಿತ್ಸೆ ಮಾಡಿ ಬದಲಾಯಿಸೋಣ ಎಂದು ವೈದ್ಯರು ದಿನ ಕೊಟ್ಟಿದ್ದರು. ಕೇಳಿದ ಟಿಕ್ಕಣ್ಣನಿಗೆ ಮೊದಲು ಬಂದದ್ದು ಅಳುವಲ್ಲ, ಅವಮಾನ. ತೆರೆಯುತ್ತದೋ ಇಲ್ಲವೋ ನೋಡುವುದೇ ಅವನ ಕಸುಬು. ಮುಗಿದ ಬೀಗವನ್ನು ಕಿವಿಗೆ ಹಿಡಿದು, ಒತ್ತಿ, ತೆರೆದು, ಸದ್ದು ಸರಿಯಿದ್ದರೆ ತನ್ನ ಮುದ್ರೆ ಹೊಡೆಯುವುದು. ಹೆಸರು ಬಂದದ್ದೂ ಆ ಸದ್ದಿನಿಂದಲೇ.

“ಊರಿಗೆಲ್ಲ ಬೀಗ ನೋಡ್ತೀನಿ, ಮನೇಲಿರೋದು ಹೀಗೆ ಕಚ್ಕೊಂಡು ಕೂತಿದೆಯಲ್ಲೇ” ಎಂದು ಅವನು ಅವಳ ಬೆನ್ನಿಗೆ ಕಿವಿಯಿಟ್ಟ.

“ಸಾಕು, ತಲೆ ತೆಗೀರಿ. ಎಣ್ಣೆ ಬಿಟ್ಟುಗಿಟ್ಟೀರಿ!” ಎಂದಳು ಹೆಂಡತಿ.

ಇನ್ನು ಅರದಯ್ಯ. ಬೀಗದ ಕೈಗಳಿಗೆ ಅರ ತಿಕ್ಕಿ ಹಲ್ಲು ಮೂಡಿಸುವವನು. ಅವನು ದುಡಿದದ್ದು ಹೆಂಡತಿಯ ಶ್ವಾಸಕೋಶಕ್ಕಾಗಿ. ಅವಳು ತೀರಿಕೊಂಡು ವರ್ಷವಾಗಿತ್ತು. “ಇನ್ನು ಆ ವಿಮೆ ಕಾರ್ಡು ಇಟ್ಕೊಂಡು ಯಾರ ಕೆಮ್ಮಿಗೆ ಕೊಡ್ಲಿ? ಸಾಕು ಕಣೋ” ಎಂದ. ಕಂಬಿಯ ಮುಂದೆ ಅವನ ಬೀಳ್ಕೊಡುಗೆ ಏರ್ಪಾಡಾಯಿತು.

ಟಿಕ್ಕಣ್ಣನಿಗೆ ಒಂದು ಚಪಲ: ಭಾಷಣ. ಯಾರ ಬೀಳ್ಕೊಡುಗೆಯಾದರೂ ಎರಡು ಮಾತಾಡದೆ ಕೂರುವವನಲ್ಲ. ಅಂದೂ ಎದ್ದು ನಿಂತ. “ಹಣ್ಣೆಲೆ ತಾನಾಗಿ ಉದುರ್ಬೇಕು. ಗಾಳಿ ಬಂದು ಉದುರಿಸ್ಲಿ ಅಂತ ಕಾಯೋದು ಎಲೆಗೆ ಶೋಭೆ ಅಲ್ಲ. ಕುರ್ಚೀನ ನಾವು ಬಿಡ್ಬೇಕೇ ಹೊರತು ಕುರ್ಚಿ ನಮ್ಮನ್ನ ಬಿಡ್ಬಾರ್ದು!” ಚಪ್ಪಾಳೆ ಬಿತ್ತು. ಮೂತ್ರಪಿಂಡ, ಮಂಡಿ, ಬೆನ್ನು ಎಲ್ಲವೂ ಚಪ್ಪಾಳೆ ತಟ್ಟಿದವು. ಮ್ಯಾನೇಜರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು.

ಅರದಯ್ಯನು ಬೀಗವನ್ನು ಕಂಬಿಗೆ ಸಿಕ್ಕಿಸಿದ. ಕೈ ನಡುಗಿತು, ಕೊಂಡಿ ಕಚ್ಚಲಿಲ್ಲ. ಮತ್ತೆ ಒತ್ತಿದ, ಜಾರಿತು. ಜನರೆಲ್ಲ ಕಾಯುತ್ತಿದ್ದರು, ಚಹಾ ಆರುತ್ತಿತ್ತು. ಚಪ್ಪಾಳೆಯ ಬಿಸಿಯಲ್ಲಿದ್ದ ಟಿಕ್ಕಣ್ಣನು “ಇತ್ತ ಕೊಡೋ, ಇದೇನು ಮಹಾ” ಎಂದು ಮುಂದೆ ಬಂದು ಹೆಬ್ಬೆರಳಿನಿಂದ ಒಂದು ಸಲ ಒತ್ತಿದ.

ಟಿಕ್.

ಕೈಗೆ ಬುದ್ಧಿಯಿಲ್ಲ, ಅಭ್ಯಾಸವಿದೆ. ಬೆಳಗಿನಿಂದ ಸಂಜೆಯವರೆಗೆ ಬೀಗ ಒತ್ತುವ ಕೈ, ತೆರೆದ ಬೀಗ ಕಂಡು ಸುಮ್ಮನಿರಲಾರದು. ಅವನು ಕಿವಿಯನ್ನೂ ಹತ್ತಿರ ಒಯ್ದು “ಅಚ್ಚುಕಟ್ಟಾಗಿ ಬಿತ್ತು” ಎಂದ. ಆಮೇಲೆ ತಲೆಯೆತ್ತಿ ನೋಡಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೀಗದ ಕೈಯನ್ನು ಹಿಡಿದು ಸಿದ್ಧವಾಗಿದ್ದ ಎರಕದ ಮನೆಯವನು, ಪದ್ಧತಿಯಂತೆ, ‘ಟಿಕ್’ ಎಂಬ ಸದ್ದಿಗೆ ಕುಲುಮೆಯತ್ತ ಓಡಿಯಾಗಿತ್ತು.

“ಟಿಕ್ಕಣ್ಣಾ,” ಎಂದ ಅರದಯ್ಯ, “ನೀನು ಹೊರಟುಬಿಟ್ಟೆಯಲ್ಲೋ.”

ಮ್ಯಾನೇಜರು ಬಂದು ಟಿಕ್ಕಣ್ಣನನ್ನು ಅಪ್ಪಿಕೊಂಡರು. “ಭಾಷಣ ಮಾಡೋರು ಬೇಕಾದಷ್ಟು ಜನ ಇದ್ದಾರೆ. ನುಡಿದಂತೆ ನಡೆದೋನು ನೀನೊಬ್ಬ!” ಅರದಯ್ಯನಿಗೆಂದು ತಂದಿದ್ದ ಹಾರವನ್ನು ಅವರು ಟಿಕ್ಕಣ್ಣನ ಕೊರಳಿಗೆ ಹಾಕಿದರು. ಹಾರವೂ ಎಲ್ಲಿಯೂ ತೊಡಕದೆ ಸಲೀಸಾಗಿ ಇಳಿಯಿತು.

ಮರುದಿನ ಅವನು ಕಲ್ಯಾಣಾಧಿಕಾರಿಗಳ ಮೇಜಿನ ಮುಂದೆ ನಿಂತ. ಕಾರ್ಮಿಕರ ಕಲ್ಯಾಣ ನೋಡಿಕೊಳ್ಳುವವರಾದ್ದರಿಂದ ಅವರಿಗೆ ಆ ಹೆಸರು. ಬೇರೆ ಕಾರಣ ಯಾವ ಪಾಠದಲ್ಲಿಯೂ ದೊರೆತಿಲ್ಲ.

“ಸಾರ್, ಅದು ಅವನ ಬೀಗ.”

“ಬೀಗ ಯಾರದು ಅನ್ನೋದು ಮುಖ್ಯ ಅಲ್ಲ. ಕೈ ಯಾರದು?”

“ಕೈ ನಂದೇ. ಮನಸ್ಸು ನಂದಲ್ಲ.”

“ಮನಸ್ಸು ನೋಡೋ ಪದ್ಧತಿ ನಮ್ಮಲ್ಲಿಲ್ಲ.”

“ಹಾಗಾದ್ರೆ ಕತ್ತರಿಸಿ ತೆಗೆಸಿಬಿಡಿ ಸಾರ್.”

ಕಲ್ಯಾಣಾಧಿಕಾರಿಗಳು ಅವನನ್ನು ಬಾಗಿಲಿಲ್ಲದ ಮನೆಯವನಂತೆ ನೋಡಿದರು. “ಗೇಟಿನ ಮುಂದೆ, ಗಿರಾಕಿಗಳು ಓಡಾಡೋ ಜಾಗದಲ್ಲಿ, ನಮ್ಮ ಬೀಗಾನ ನಾವೇ ಕತ್ತರಿಸೋದಾ? ‘ಹಾಕಿದರೆ ಹಾಕಿದ್ದೇ’ ಅಂತ ಗೋಡೆ ಮೇಲೆ ಬರೆಸಿದೀವಿ, ಓದಿಲ್ವಾ?”

ಬಾಗಿಲ ಬಳಿ ಅರದಯ್ಯನೂ ನಿಂತಿದ್ದ. “ಸಾರ್, ನಾನು ಹೋಗ್ಬೇಕಿತ್ತಲ್ಲ, ನನ್ನ ಗತಿ?”

“ಒಬ್ಬರಿಗೆ ಒಂದೇ ಬೀಗ. ನಿಮ್ಮದು ಖರ್ಚಾಯ್ತು. ನೀವು ಕೆಲಸಕ್ಕೆ ನಡೀರಿ.”

ಹೀಗೆ, ಇರಬೇಕಾದವನು ಹೊರಗಾದ, ಹೋಗಬೇಕಾದವನು ಒಳಗಾದ. ಇಷ್ಟು ಅಚ್ಚುಕಟ್ಟಾದ ತಪ್ಪು ತಾನಾಗಿ ಆಗುವುದಿಲ್ಲ. ಅದಕ್ಕೆ ಒಂದು ಪದ್ಧತಿ ಬೇಕು.

ಮನೆಯಲ್ಲಿ ಆಗಲೇ ಜನ. ಹಾರ ಹಾಕಿಕೊಂಡು ಬಂದವನನ್ನು ಬೀದಿ ನೋಡಿತ್ತು. ಎದುರುಮನೆಯ ವಿಮೆ ಏಜೆಂಟನು ಕಾಲುಮಣೆ ಎಳೆದುಕೊಂಡು ಕುಳಿತು ಅಭಿನಂದಿಸಿದ. ಟಿಕ್ಕಣ್ಣನು ಅವನ ಕೈ ಹಿಡಿದುಕೊಂಡ.

“ಇವಳಿಗೆ ಒಂದು ವಿಮೆ ಮಾಡಿಕೊಡಪ್ಪ. ಈ ತಿಂಗಳೇ.”

“ಧಾರಾಳವಾಗಿ! ಅಕ್ಕನಿಗೆ ಕಾಯಿಲೆ ಏನೂ ಇಲ್ಲ ತಾನೆ?”

“ಕಾಯಿಲೆ ಇರೋದಕ್ಕೇ ಅಲ್ವೇನಪ್ಪಾ ವಿಮೆ.”

“ಅಲ್ಲ ಅಣ್ಣಾ, ಕಾಯಿಲೆ ಇಲ್ಲದೋರಿಗೆ ವಿಮೆ. ಇದ್ದೋರಿಗೂ ಕೊಡ್ತೀವಿ, ಬೇಡ ಅನ್ನಲ್ಲ. ಆದ್ರೆ ಇರೋ ಕಾಯಿಲೆ ಒಂದನ್ನ ಬಿಟ್ಟು ಮಿಕ್ಕಿದ್ದಕ್ಕೆ. ಆ ಒಂದಕ್ಕೆ ನಾಲ್ಕು ವರ್ಷ ಕಾಯ್ಬೇಕು.”

“ಅಲ್ಲೀ ತನಕ ಅವಳು ಕಾಯ್ಬೇಕಲ್ಲ?”

“ಅದು ಅಕ್ಕನ ಇಷ್ಟ,” ಎಂದ ಏಜೆಂಟ್ ಮೃದುವಾಗಿ. “ಕಂಪನಿ ಬಲವಂತ ಮಾಡಲ್ಲ.”

ಮೂಲೆಯಲ್ಲಿ ಕುಳಿತಿದ್ದ ಬಾಮೈದನು ಗಂಟಲು ಸರಿಮಾಡಿಕೊಂಡ. ಅವನು ಜೀವಮಾನದಲ್ಲಿ ಯಾವ ಕೆಲಸವನ್ನೂ ಮಾಡದ್ದರಿಂದ ಎಲ್ಲ ಕೆಲಸಗಳ ಬಗ್ಗೆಯೂ ಸಲಹೆ ಕೊಡಬಲ್ಲವನಾಗಿದ್ದ. “ಭಾವ, ಇದು ಸುಲಭ. ಅರದಯ್ಯನೋರು ಇನ್ನೂ ಕೆಲಸದಲ್ಲಿದ್ದಾರೆ, ವಿಮೆ ಇದೆ, ಹೆಂಡ್ತಿ ಜಾಗ ಖಾಲಿ ಇದೆ. ಅಕ್ಕನ ಹೆಸರು ಅಲ್ಲಿ ಬರೆಸಿಬಿಡಿ. ಆಪರೇಷನ್ ಆದ್ಮೇಲೆ ವಾಪಸ್ ಕರ್ಕೊಂಡ್ರಾಯ್ತು.”

ಟಿಕ್ಕಣ್ಣನು ಬಾಮೈದನನ್ನು ಹೊಡೆಯಲು ಏನಾದರೂ ಸಿಗುವುದೇ ಎಂದು ಸುತ್ತ ನೋಡಿದ. ಆದರೆ ಹುಡುಕುತ್ತ ಹುಡುಕುತ್ತ ಅವನ ಕಣ್ಣು ನಿಧಾನವಾಯಿತು. ಅವನು ಆ ಮಾತನ್ನು ಯೋಚಿಸುತ್ತಿದ್ದನೆಂದು ಮೂರು ಪಾಠಗಳೂ ಹೇಳುತ್ತವೆ.

“ಏನ್ರೀ, ಲೆಕ್ಕ ಹಾಕ್ತಿದೀರಾ?” ಎಂದಳು ಹೆಂಡತಿ. ಮೂರು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದಳು. “ಆ ಮನುಷ್ಯ ಒಬ್ಬಳನ್ನ ಕಳಕೊಂಡಿದ್ದು ಸಾಲ್ದಾ? ಇನ್ನೊಬ್ಬಳನ್ನೂ ಅವನ ತಲೆಗೇ ಕಟ್ಬೇಕಾ? ಏಳಿ. ನಿಮ್ಮ ಬೀಗ, ನೀವೇ ತೆಗೀರಿ.”

ಆ ಮಾತು ಟಿಕ್ಕಣ್ಣನ ತಲೆಗೆ ಹೊಳೆದಿರಲೇ ಇಲ್ಲ. ಕತ್ತರಿಸಬಾರದು ಎಂದಿದ್ದರೇ ವಿನಾ ತೆಗೆಯಬಾರದು ಎಂದಿರಲಿಲ್ಲ.

ಮರುದಿನ ಗೇಟಿನ ಮುಂದೆ ಸಂತೆಯಷ್ಟು ಜನ. ಕ್ಷೌರಿಕನು ಅರ್ಧ ಮುಖ ಬೋಳಿಸಿದ್ದ ಗಿರಾಕಿಯನ್ನೂ ಕರೆದುಕೊಂಡು ಬಂದ. ಹೆಂಡತಿಗೆ ಕಾವಲುಗಾರನು ತನ್ನ ಕುರ್ಚಿ ಕೊಟ್ಟ. ಮ್ಯಾನೇಜರು ಮತ್ತು ಕಲ್ಯಾಣಾಧಿಕಾರಿಗಳು ಮೆಟ್ಟಿಲ ಮೇಲೆ ನಿಂತರು. ಕಾರ್ಮಿಕ ಸಂಘದ ಕಾರ್ಯದರ್ಶಿ ಅಂಗಿಯ ತೋಳು ಮಡಿಸಿಕೊಂಡು ಟಿಕ್ಕಣ್ಣನ ಪಕ್ಕದಲ್ಲಿ ನಿಂತ. ಅವನು ಕಾರ್ಮಿಕರ ಪರವಾಗಿ ಹೂಡಿದ ಎಲ್ಲ ವಾದಗಳಲ್ಲಿಯೂ ಸೋತವನು. ಆದರೂ ಗಂಟಲು ಸೋತಿರಲಿಲ್ಲ.

“ಬೀಗದ ಕೈ ಇಲ್ಲದೆ ತೆಗೆದರೆ,” ಎಂದು ಕಲ್ಯಾಣಾಧಿಕಾರಿಗಳು ಘೋಷಿಸಿದರು, “ನೀವು ನಿವೃತ್ತರಲ್ಲ ಅಂತ ಒಪ್ತೀವಿ. ಆದರೆ ಒಂದು ಮಾತು. ಈ ಬೀಗದ ಮೇಲೆ ‘ಕೈ ಇಲ್ಲದೆ ತೆರೆಯದು’ ಅಂತ ಮುದ್ರೆ ಇದೆ. ಮುದ್ರೆ ಹೊಡೆದೋರು ಯಾರು?”

“ನಾನೇ ಸಾರ್.”

“ಅದು ತೆರೆದರೆ ಕೆಟ್ಟ ಬೀಗಕ್ಕೆ ಒಳ್ಳೆ ಮುದ್ರೆ ಹೊಡೆದ ಅಪರಾಧಕ್ಕೆ ನಿಮ್ಮನ್ನ ಅಮಾನತ್ತಿನಲ್ಲಿಟ್ಟು ವಿಚಾರಣೆ ಮಾಡಬೇಕಾಗ್ತದೆ. ತೆರೆಯದಿದ್ದರೆ ಗೌರವದಿಂದ ಮನೆಗೆ ಹೋಗಬಹುದು. ಯೋಚನೆ ಮಾಡಿ.”

ಟಿಕ್ಕಣ್ಣನು ಹೆಂಡತಿಯ ಬಳಿ ಬಂದು ಬಗ್ಗಿದ. “ಈವರೆಗೂ ನನ್ನ ಮುದ್ರೆ ಇರೋ ಒಂದು ಬೀಗಾನೂ ವಾಪಸ್ ಬಂದಿಲ್ಲ ಕಣೇ. ಈಗ ಎಲ್ಲರ ಮುಂದೆ ಕಳ್ಳ ಅನ್ನಿಸ್ಕೋಬೇಕು.”

“ಅಮಾನತ್ತಿನಲ್ಲಿದ್ರೆ ವಿಮೆ ಇರತ್ತಾ, ಕೇಳಿ.”

ಕೇಳಿದ. ಇರುತ್ತದೆಂದು ಉತ್ತರ ಬಂತು. ವಿಚಾರಣೆ ಮುಗಿಯುವವರೆಗೆ ಅಪರಾಧಿಯೂ ಸೇವೆಯಲ್ಲಿದ್ದಂತೆಯೇ.

“ಮತ್ತೇನು? ಕೆಲಸದಲ್ಲಿರೋ ಕಳ್ಳನಾಗಿ,” ಎಂದು ಅವಳು ಜಡೆಯಿಂದ ಪಿನ್ನೊಂದನ್ನು ಕಿತ್ತು ಅವನ ಕೈಗೆ ಕೊಟ್ಟಳು.

ಅವನು ಕಂಬಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದ. ತಾನು ಜೀವಮಾನವೆಲ್ಲ ಯಾರೂ ಒಳಹೋಗದಂತೆ ಕಾದಿದ್ದ ದಾರಿಯಲ್ಲಿ ಪಿನ್ನನ್ನು ಕಳಿಸಿದ. ಜನ ಉಸಿರು ಬಿಗಿಹಿಡಿದರು. ಹೆಂಡತಿಗೆ ಮಾತ್ರ ಬಿಗಿಹಿಡಿಯುವಷ್ಟು ಉಸಿರಿರಲಿಲ್ಲ. ಇದಕ್ಕೆ ಎಷ್ಟು ಹೊತ್ತು ಹಿಡಿಯಿತೆಂಬುದರಲ್ಲಿ ಪಾಠಗಳು ಒಪ್ಪುವುದಿಲ್ಲ. ಒಂದು ಗಲ್ಲ ಬೋಳಿಸುವಷ್ಟು ಹೊತ್ತು ಎನ್ನುತ್ತಾನೆ ಕ್ಷೌರಿಕ. ಅರದಯ್ಯನ ಪ್ರಕಾರ ಒಂದು ಆಯುಷ್ಯ.

ಕೊಂಡಿ ಎದ್ದಿತು.

ಜನ ಕೂಗಿ ಕುಣಿದರು. ಅರ್ಧ ಗಡ್ಡದ ಗಿರಾಕಿ ಅಪರಿಚಿತನೊಬ್ಬನನ್ನು ಮುದ್ದಿಟ್ಟ. ಕಲ್ಯಾಣಾಧಿಕಾರಿಗಳು ಬೀಗವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಟಿಕ್ಕಣ್ಣನನ್ನು ಅಲ್ಲಿಯೇ ಅಮಾನತ್ತು ಮಾಡಿದರು. ಗಂಡಹೆಂಡತಿ ಕೈಹಿಡಿದುಕೊಂಡು ಮನೆಗೆ ನಡೆದರು. ಅಪರಾಧಿಯಾದದ್ದಕ್ಕೆ ಇಷ್ಟು ಸಂತೋಷಪಟ್ಟವರ ಉದಾಹರಣೆ ನನ್ನ ಸಂಗ್ರಹದಲ್ಲಿ ಬೇರೊಂದಿಲ್ಲ.

ಭರವಸೆಗೆ ಆಧಾರವೂ ಇತ್ತು. ಆ ಕಾರ್ಖಾನೆಯ ವಿಚಾರಣೆಗಳು ಆಮೆಯನ್ನೂ ನಾಚಿಸುವಂಥವು. ಎರಕದ ಮನೆಯ ಸೌಟೊಂದು ಕಾಣೆಯಾದ ಪ್ರಕರಣ ಇನ್ನೂ ನಡೆಯುತ್ತಿತ್ತು. ಅದರ ಆರೋಪಿ, ಸಾಕ್ಷಿ ಇಬ್ಬರೂ ತೀರಿಹೋಗಿದ್ದರು. “ಆಪರೇಷನ್ ಆಗಿ ಅವಳು ಎದ್ದು ಓಡಾಡೋ ಹೊತ್ತಿಗೂ ಮೊದಲನೇ ಸಾಕ್ಷಿ ಮುಗಿದಿರಲ್ಲ” ಎಂದು ಎಲ್ಲರೂ ಟಿಕ್ಕಣ್ಣನಿಗೆ ಧೈರ್ಯ ಹೇಳಿದರು.

ಅವರು ಮರೆತದ್ದು ಸಂಘದ ಕಾರ್ಯದರ್ಶಿಯನ್ನು. ಅವನಿಗೆ ಇದು ಹೊಟ್ಟೆಗೆ ಬೆಂಕಿ ಬಿದ್ದಂತಾಗಿತ್ತು. ಇಂಥ ನಿಷ್ಠಾವಂತನ ಮೇಲೆ ಕಳಂಕವೇ! ಅವನು ಊಟ ಬಿಟ್ಟು ವಾದಿಸಿದ. ದಿನಾಂಕ ಮುಂದೂಡಲು ಬಿಡಲಿಲ್ಲ. ವಿಚಾರಣೆಯ ಕೋಣೆಗೆ ಬೀಗ ತರಿಸಿ, ಕೊಂಡಿ ಒತ್ತಿ ಹಾಕಿ, ಕಾರ್ಖಾನೆಯ ನುರಿತವರನ್ನೆಲ್ಲ ಕರೆದು ಕೈಯಿಲ್ಲದೆ ತೆಗೆಯಿರೆಂದ. ಒಬ್ಬರಿಂದಲೂ ಆಗಲಿಲ್ಲ. ಅರದಯ್ಯನು ಮಾತ್ರ ಪ್ರಯತ್ನಿಸಲಿಲ್ಲ. ಅವನ ಕೈ ನಡುಗುತ್ತಿತ್ತು.

“ನೋಡಿ ಸ್ವಾಮಿ!” ಎಂದು ಕಾರ್ಯದರ್ಶಿ ಮೇಜು ಗುದ್ದಿದ. “ಬೀಗದಲ್ಲಿ ದೋಷ ಇದೆಯಾ?”

ಟಿಕ್ಕಣ್ಣನು ಬೆವೆತು ಎದ್ದು ನಿಂತ. “ಇದೆ ಸಾರ್. ನಾನು ತಪ್ಪಿತಸ್ಥ. ಒಪ್ಕೊಂಡಿದೀನಿ.”

“ಒತ್ತಡದಲ್ಲಿ ಹೇಳ್ತಿದ್ದಾರೆ!”

“ಯಾರ ಒತ್ತಡಾನೂ ಇಲ್ಲಪ್ಪಾ. ಒಂದು ಪಿನ್ನು ಕೊಡಿ, ಈಗಲೇ ತೆಗೆದು ತೋರಿಸ್ತೀನಿ.”

“ಆಕ್ಷೇಪಣೆ! ಆರೋಪಿ ಕೈಯಲ್ಲೇ ಅವನ ಅಪರಾಧ ಸಾಬೀತು ಮಾಡಿಸೋದು ಯಾವ ಕಾನೂನು?” ಕಾರ್ಯದರ್ಶಿಯ ಕಣ್ಣಲ್ಲಿ ನೀರಿತ್ತು. ಟಿಕ್ಕಣ್ಣನ ಭುಜ ಹಿಡಿದು ಕೂರಿಸಿ ಕಿವಿಯಲ್ಲಿ ಹೇಳಿದ: “ಹೆದರ್ಬೇಡಿ ಹಿರಿಯರೇ. ಈ ಸಲ ಗೆಲ್ತೀವಿ.”

“ಗೆಲ್ಲಿಸ್ಬೇಡವೋ ಮಾರಾಯ, ನಿನ್ನ ಕಾಲಿಗೆ ಬೀಳ್ತೀನಿ,” ಎಂದ ಟಿಕ್ಕಣ್ಣ. ವಿನಯವೆಂದರೆ ಇದು ಎಂದು ಸಭೆ ಮೆಚ್ಚಿಕೊಂಡಿತು.

ಆಸ್ಪತ್ರೆಗೆ ಸೇರಬೇಕಾದ ದಿನ ಬೆಳಿಗ್ಗೆ ಹೆಂಡತಿ ಬಟ್ಟೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೌಂಟರಿನ ಎದುರಿನ ಬೆಂಚಿನಲ್ಲಿ ಕುಳಿತಿದ್ದಳು. ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿದಳು, ಟಿಕ್ಕಣ್ಣನನ್ನು ನೋಡಿದಳು, ಮತ್ತೆ ಕಂಪ್ಯೂಟರ್ ನೋಡಿದಳು.

“ಅಂಕಲ್, ನೀವು ಹೋದ ತಿಂಗಳೇ ರಿಟೈರ್ ಆಗಿದ್ದೀರಲ್ಲ?”

“ಇಲ್ಲಮ್ಮ, ನಾನು ಅಪರಾಧಿ. ಸರಿಯಾಗಿ ನೋಡು.”

ಅಷ್ಟರಲ್ಲಿ ಕಾರ್ಯದರ್ಶಿ ಹಾರ ಹಿಡಿದುಕೊಂಡು ಓಡೋಡಿ ಬಂದ. ಹಿಂದೆ ಅರದಯ್ಯ, ಬಾಮೈದ, ಏಜೆಂಟ್. “ಗೆದ್ವಿ! ನಿನ್ನೆ ಸಂಜೆಯೇ ತೀರ್ಪಾಯ್ತಂತೆ!” ಎಂದು ಕೂಗುತ್ತ ಅವನು ಆಸ್ಪತ್ರೆಯ ಆ ಕೊಠಡಿಯಲ್ಲಿ, ರೋಗಿಗಳ ಮುಂದೆ, ಆಜ್ಞೆಯನ್ನು ಗಟ್ಟಿಯಾಗಿ ಓದಿದ. ಅದರ ಸಾರ ಹೀಗಿದೆ: ಬೀಗ ನಿರ್ದೋಷಿ. ನಿರ್ದೋಷಿಯಾದ ಬೀಗ ಕೈಯಿಲ್ಲದೆ ತೆರೆಯುವುದಿಲ್ಲ. ಆದುದರಿಂದ ಅಂದು ಅದು ತೆರೆದಿಲ್ಲ. ತೆರೆಯದ ಬೀಗ ಹಾಕಿದ್ದೇ. ಆದುದರಿಂದ ಸದರಿ ಕೆಲಸಗಾರನು ಬೀಗ ಹಾಕಿದ ದಿನದಿಂದಲೇ, ಯಾವ ಕಳಂಕವೂ ಇಲ್ಲದೆ, ಸಗೌರವ ನಿವೃತ್ತನು.

ಸರದಿಯಲ್ಲಿದ್ದ ರೋಗಿಗಳು, ಏನೆಂದು ತಿಳಿಯದಿದ್ದರೂ, ಚಪ್ಪಾಳೆ ತಟ್ಟಿದರು. ಕಾರ್ಯದರ್ಶಿಯ ಮುಖದಲ್ಲಿ ಜೀವಮಾನದ ಮೊದಲ ಗೆಲುವಿನ ಬೆಳಕಿತ್ತು. ಅದನ್ನು ನಂದಿಸಲು ಯಾರಿಗೂ ಮನಸ್ಸು ಬರಲಿಲ್ಲ. ಟಿಕ್ಕಣ್ಣನು ತಲೆ ಬಗ್ಗಿಸಿ ಎರಡನೆಯ ಹಾರವನ್ನೂ ಹಾಕಿಸಿಕೊಂಡ.

“ಅಕ್ಕಾ,” ಎಂದ ಅರದಯ್ಯ. ಮೂಗೊರೆಸಿಕೊಂಡ. ಅವನ ಕಥೆ ನಿಲ್ಲುವುದು ಇಲ್ಲಿಯೇ.

ಹೆಂಡತಿ ಚೀಲ ಎತ್ತಿಕೊಂಡಳು. “ಬನ್ನಿ, ಹೋಗೋಣ. ವಾರಕ್ಕಾಗೋ ಬಟ್ಟೆ ಒಗೆದು ಮಡಿಸಿ ಇಟ್ಟಿದೀನಿ. ಮನೇಲಿ ಉಟ್ರಾಯ್ತು, ದಂಡ ಏನಾಗಲ್ಲ.”

ಇಲ್ಲಿಂದ ಮುಂದೆ ಪಾಠಗಳು ಬೇರೆಯಾಗುತ್ತವೆ. ಯಾರೋ ಪುಣ್ಯಾತ್ಮರು ಖರ್ಚು ವಹಿಸಿಕೊಂಡು ಶಸ್ತ್ರಚಿಕಿತ್ಸೆ ಆಯಿತು ಎನ್ನುತ್ತಾನೆ ಕ್ಷೌರಿಕ. ಆ ಪುಣ್ಯಾತ್ಮರು ಯಾರೆಂದು ಕೇಳಿದರೆ ಕತ್ತಿ ಮಸೆಯತೊಡಗುತ್ತಾನೆ. ಇದು ಗಿರಾಕಿಯನ್ನು ಸಮಾಧಾನದಿಂದ ಕಳಿಸಲು ಸೇರಿಸಿದ ಭಾಗವೆಂದು ನನ್ನ ಅಭಿಪ್ರಾಯ. ಕಾವಲುಗಾರನು ಹೇಳುವುದು ಹೀಗೆ: ಮುದ್ರೆ ಹೊಡೆಯುವವನಿಲ್ಲದೆ ಬೀಗಗಳು ರಾಶಿಬಿದ್ದವು. ವಾರ ಕಳೆಯುವುದರೊಳಗೆ ಟಿಕ್ಕಣ್ಣನನ್ನು ದಿನಗೂಲಿಗೆ ಕರೆಸಿಕೊಂಡರು. ಅದೇ ಕೋಣೆ, ಅದೇ ಸ್ಟೂಲು, ಅದೇ ಮುದ್ರೆ. ದಿನಗೂಲಿಯವರಿಗೆ ವಿಮೆಯಿಲ್ಲ; ಕೂಲಿ ಗುಳಿಗೆಗೆ ಸರಿಹೋಗುತ್ತದೆ. ಹೀಗೆ ನಿವೃತ್ತಿಯೂ ಆಯಿತು, ಕೆಲಸವೂ ಉಳಿಯಿತು. ಅವೆರಡರ ನಡುವೆ ಉಳಿಯಬೇಕಾಗಿದ್ದ ವಿಮೆ ಮಾತ್ರ ಉಳಿಯಲಿಲ್ಲ. ಪಕ್ಕದ ಕೋಣೆಯಲ್ಲಿ ಅರದಯ್ಯನು ಇನ್ನೂ ಅರ ತಿಕ್ಕುತ್ತಾನೆ, ವಿಮೆಯ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು. ಅವನಿಗೆ ನೆಗಡಿಯೂ ಬರುವುದಿಲ್ಲ. ಕಂಬಿಯ ಬಳಿ ಈಗ ಯಾರೂ ಭಾಷಣ ಮಾಡುವುದಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ.

ಕೊನೆಯ ತುಣುಕು ಈ ಮೂವರದಲ್ಲ, ಅದನ್ನು ಹೇಳಿದವಳು ಟಿಕ್ಕಣ್ಣನ ಪಕ್ಕದ ಮನೆಯಾಕೆ. ಸಂಜೆ ಕೆಲಸದಿಂದ ಬಂದವನು ಬಾಗಿಲು ತಟ್ಟುವುದಿಲ್ಲವಂತೆ. ಬುತ್ತಿಯ ಡಬ್ಬಿಯನ್ನು ಕೆಳಗಿಟ್ಟು, ಬಾಗಿಲ ಹಲಗೆಗೆ ಕಿವಿಯಿಟ್ಟು, ಕಾರ್ಖಾನೆಯಲ್ಲಿ ಬೀಗ ನೋಡುವಂತೆ ಕಣ್ಣು ಮುಚ್ಚಿ ನಿಲ್ಲುತ್ತಾನಂತೆ. ಬೀದಿಯವರು ಕಂಡರೂ ಸರಿ, ನಕ್ಕರೂ ಸರಿ. ಒಳಗಿನಿಂದ, ಒಂದೊಂದು ದಿನ ಬೇಗ, ಒಂದೊಂದು ದಿನ ಬಹಳ ತಡವಾಗಿ, ಎರಡು ಉಸಿರಿನಲ್ಲಿ ಆ ಮಾತು ಬರುವವರೆಗೆ ಅವನು ಅಲ್ಲಾಡುವುದಿಲ್ಲ:

“ತೆಗೆದೇ ಇದೆ... ಬನ್ನಿ.”